ಅಮೆರಿಕದಲ್ಲಿ ಫೋನ್ ಕಂಪನಿಯ ಮೇಲೆ ಕದ್ದಾಲಿಕೆ ದಾವೆ: ಹೂಡುವ ಮುನ್ನ ನೋಡಬೇಕಾದ್ದು

ಕಂಪನಿ ಏನು ಕೊಟ್ಟಿತು ಎಂಬುದಕ್ಕಿಂತ ಮೊದಲು, ಯಾರಿಗೆ ಕೊಟ್ಟಿತು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಕೇಸು ನಿಲ್ಲುವುದೂ ಬೀಳುವುದೂ ಇದರ ಮೇಲೆ.

ಮಾಹಿತಿ ಹೋದದ್ದು ಎನ್‌ಎಸ್‌ಎಯಂಥ ಗುಪ್ತಚರ ಸಂಸ್ಥೆಗಾದರೆ 2008ರ ಫೀಸಾ (ವಿದೇಶಿ ಗುಪ್ತಚರ ಕಣ್ಗಾವಲು) ತಿದ್ದುಪಡಿ ಕಾಯ್ದೆ ಅಡ್ಡ ನಿಲ್ಲುತ್ತದೆ. ಕೋರ್ಟಿನ ಆದೇಶವಿತ್ತು, ಸರ್ಕಾರದ ಲಿಖಿತ ನಿರ್ದೇಶನವಿತ್ತು, ಅಥವಾ ಕಂಪನಿ ನೆರವೇ ಕೊಟ್ಟಿಲ್ಲ ಎಂಬಂಥ ಕಾರಣಗಳಲ್ಲಿ ಒಂದನ್ನು ಅಟಾರ್ನಿ ಜನರಲ್ ಪ್ರಮಾಣೀಕರಿಸಿದರೆ ದಾವೆ ವಜಾ. ಆ ಪ್ರಮಾಣಪತ್ರಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ನ್ಯಾಯಾಧೀಶರಿಗೆ ಕಂಡರೆ ಮಾತ್ರ ಉಳಿಗಾಲ. ಆಧಾರಗಳನ್ನೋ, ನಿಮ್ಮ ವಕೀಲರಿಗೆ ತೋರಿಸದೆ ಪರಿಶೀಲಿಸಬಹುದು. ಯಾವ ಕಾರಣ ಎಂಬುದನ್ನೂ ಬಹಿರಂಗ ಆದೇಶದಲ್ಲಿ ಹೇಳುವಂತಿಲ್ಲ. ರಾಜ್ಯದ ಕೋರ್ಟಿನಲ್ಲಿ ಹೂಡಿದರೆ ಫೆಡರಲ್ ಕೋರ್ಟಿಗೆ ವರ್ಗಾಯಿಸಿಕೊಳ್ಳುತ್ತಾರೆ.

ಸಾಕ್ಷ್ಯ ಗಟ್ಟಿಯಿದ್ದರೂ ಇದೇ ಗತಿ. ಎಟಿ ಅಂಡ್ ಟಿ ಮೇಲೆ 2006ರ ಜನವರಿಯಲ್ಲಿ ಹೂಡಿದ ಹೆಪ್ಟಿಂಗ್ ಪ್ರಕರಣದಲ್ಲಿ, ಗುಪ್ತಚರ ಕದ್ದಾಲಿಕೆಗೆ ಬಳಕೆಯಾಗುತ್ತಿತ್ತು ಎನ್ನಲಾದ ಸ್ಯಾನ್ ಫ್ರಾನ್ಸಿಸ್ಕೋದ 641ಎ ಕೊಠಡಿಯ ಬಗ್ಗೆ ಕಂಪನಿಯ ಮಾಜಿ ತಂತ್ರಜ್ಞ ಮಾರ್ಕ್ ಕ್ಲೈನ್ ದಾಖಲೆ ಒದಗಿಸಿದ್ದರು. ರಾಷ್ಟ್ರದ ಗುಟ್ಟು ಎಂಬ ಸರ್ಕಾರದ ವಾದವನ್ನೂ ನ್ಯಾಯಾಧೀಶ ವಾನ್ ವಾಕರ್ ಆಗ ಒಪ್ಪಲಿಲ್ಲ. ಆದರೆ 2008ರ ಆ ಕಾಯ್ದೆ ಹಿಂದಿನ ಪ್ರಕರಣಗಳಿಗೂ ಅನ್ವಯವಾಗುವಂತೆ ಬಂತು. 2009ರಲ್ಲಿ ಅವರೇ ವಜಾ ಮಾಡಬೇಕಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಹಾಗಾಗಿ ಗೆಲ್ಲುವ ಆಸೆ ಇಟ್ಟುಕೊಳ್ಳಬಹುದಾದದ್ದು ಬೇರೆ ಕಡೆ: ಸ್ಥಳೀಯ ಪೊಲೀಸರಿಗೆ ವಾರಂಟ್ ಇಲ್ಲದೆ, ಅಥವಾ ವಾರಂಟ್ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಾಗ. ಇಲ್ಲಿ ಅಕಾರಣ ಶೋಧದಿಂದ ಕಾಯುವ ಸಂವಿಧಾನದ ನಾಲ್ಕನೇ ತಿದ್ದುಪಡಿಯನ್ನು ನೆಚ್ಚಬೇಡಿ. ಅದು ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಕಂಪನಿಯನ್ನಲ್ಲ. ನಡೆಯುತ್ತಿರುವ ಮಾತುಕತೆ ಕದ್ದು ಕೇಳಿದ್ದರೆ ವೈರ್‌ಟ್ಯಾಪ್ ಕಾಯ್ದೆ, ಶೇಖರವಾಗಿದ್ದ ಸಂದೇಶ, ದಾಖಲೆ ಕೊಟ್ಟಿದ್ದರೆ ಸ್ಟೋರ್ಡ್ ಕಮ್ಯುನಿಕೇಶನ್ಸ್ ಕಾಯ್ದೆ. ಇವೆರಡನ್ನು ಬೆರೆಸಿದರೆ ಕಂಪನಿಯ ವಕೀಲರ ಮೊದಲ ಅರ್ಜಿಗೇ ಕೇಸು ಬೀಳುತ್ತದೆ. ವೈರ್‌ಟ್ಯಾಪ್‌ನಲ್ಲಿ ನಿಗದಿತ ಪರಿಹಾರ ದಿನಕ್ಕೆ 100 ಡಾಲರ್ ಅಥವಾ 10,000 ಡಾಲರ್, ಯಾವುದು ಹೆಚ್ಚೋ ಅದು. ಎರಡನೆಯದರಲ್ಲಿ ಕನಿಷ್ಠ 1,000 ಡಾಲರ್. ನಿಜವಾದ ನಷ್ಟ ತೋರಿಸದಿದ್ದರೆ ಆ 1,000 ಕೂಡ ಸಿಗದು ಎಂದು ಕೆಲವು ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ಎರಡಕ್ಕೂ ಕಾಲಮಿತಿ 2 ವರ್ಷ. ವಿಷಯ ನಿಮಗೆ ತಿಳಿಯಲು ಸಾಧ್ಯವಿದ್ದ ದಿನದಿಂದ ಎಣಿಕೆ, ನಿಜವಾಗಿ ತಿಳಿದ ದಿನದಿಂದಲ್ಲ.

ಆದೇಶ ನಂಬಿ ಪ್ರಾಮಾಣಿಕವಾಗಿ ಕೊಟ್ಟೆವು ಎಂಬುದು ಕಂಪನಿಯ ಪೂರ್ಣ ರಕ್ಷಣೆ. ಪ್ರಾಣಾಪಾಯದ ತುರ್ತು ಎನ್ನುವುದು ಇನ್ನೊಂದು. ಆದ್ದರಿಂದ ಆದೇಶದ ಪ್ರತಿ ಕೈಗೆ ಸಿಗಲೇಬೇಕು. ಕ್ರಿಮಿನಲ್ ಪ್ರಕರಣವಿದ್ದರೆ ಅದರ ಕಡತದಲ್ಲಿ ಸಿಕ್ಕೀತು. ಆದೇಶದ ದಿನಾಂಕ, ನಂಬರು, ಅವಧಿಯನ್ನು ಕೊಟ್ಟ ದಾಖಲೆಯ ಪಕ್ಕ ಇಟ್ಟು, ವ್ಯತ್ಯಾಸವನ್ನೇ ದಾವಾಪತ್ರದಲ್ಲಿ ಬರೆಯಿರಿ. ‘ನನ್ನ ಮೇಲೂ ಕಣ್ಣಿಟ್ಟಿರಬಹುದು’ ಎಂಬ ಶಂಕೆ ಸಾಲದು; ಕದ್ದಾಲಿಕೆಯ ಬರೀ ಭಯದ ಮೇಲೆ ದಾವೆ ಹೂಡುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 2013ರ ಕ್ಲ್ಯಾಪರ್ ತೀರ್ಪಿನ ನಂತರ ಇದು ಇನ್ನೂ ಬಿಗಿಯಾಗಿದೆ. ದಾಖಲೆ ಅಳಿಸದಂತೆ ಕಂಪನಿಗೆ ಲಿಖಿತ ನೋಟಿಸನ್ನು ವಿಷಯ ತಿಳಿದ ವಾರವೇ ಕಳಿಸಿ.

ಗ್ರಾಹಕ ಒಪ್ಪಂದವನ್ನು ಪೂರ್ತಿ ಓದಿ. ಆರ್ಬಿಟ್ರೇಷನ್ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥಿಕೆ) ಷರತ್ತಿದ್ದರೆ, ಸುಪ್ರೀಂ ಕೋರ್ಟಿನ 2011ರ ಕಾನ್ಸೆಪ್ಸಿಯಾನ್ ತೀರ್ಪಿನಿಂದಾಗಿ ಸಾಮೂಹಿಕ ದಾವೆಯ ಬಾಗಿಲು ಬಹುತೇಕ ಮುಚ್ಚಿದಂತೆ. ಷರತ್ತು ಇಲ್ಲದಿದ್ದರೆ ಫೆಡರಲ್ ಜಿಲ್ಲಾ ಕೋರ್ಟಿಗೆ 405 ಡಾಲರ್ ಶುಲ್ಕ ಕಟ್ಟಿ ಹೂಡಿ, 90 ದಿನದೊಳಗೆ ಸಮನ್ಸ್ ಜಾರಿ ಮಾಡಿಸಿ. ಪ್ರತಿವಾದಿಯ ಹೆಸರು ಬಿಲ್ಲಿನ ಮೇಲಿನ ಬ್ರ್ಯಾಂಡ್ ಆಗಿರಬಾರದು. ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿದ ಅಂಗಸಂಸ್ಥೆಯ ನೋಂದಾಯಿತ ಹೆಸರನ್ನೇ ಹಾಕಿ.