ಸೈನ್ 15° ಎಷ್ಟು? ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ

ಸಂಜೆ ಹೊತ್ತು ನಮ್ಮ ಮನೆ ಜಗಲಿಗೆ ಫಸ್ಟ್ ಪಿಯು ಮಕ್ಕಳು ಲೆಕ್ಕದ ಪುಸ್ತಕ ಹಿಡಿದು ಬರುತ್ತಾರೆ. ತ್ರಿಕೋನಮಿತಿ ಶುರುವಾದ ಮೇಲೆ ಎಲ್ಲರದ್ದೂ ಒಂದೇ ಪಲ್ಲವಿ: "ಸೂತ್ರ ಬಾಯಿಪಾಠ ಬರುತ್ತೆ ಮಿಸ್, ಉತ್ತರ ಮಾತ್ರ ಬರಲ್ಲ." ಅವರ ಪುಸ್ತಕ ನೋಡಿದರೆ ಸೂತ್ರ ಸರಿಯಾಗೇ ಇರುತ್ತದೆ. ಎಡವುವುದು ಅದರ ನಂತರ.

ಮೊದಲು ಕೋನವನ್ನು ಒಡೆಯಿರಿ. 30, 45, 60 ಡಿಗ್ರಿಗಳ ಬೆಲೆ ಎಸೆಸೆಲ್ಸಿಯಲ್ಲೇ ಕಲಿತಿದ್ದೀರಿ. ಹಾಗಾಗಿ 15 ಅಂದರೆ 45 − 30, 75 ಅಂದರೆ 45 + 30, 105 ಅಂದರೆ 60 + 45. ಇಷ್ಟೇ. 15ನ್ನು 10 + 5 ಅಂತ ಒಡೆದರೆ ಏನೂ ಸಿಗುವುದಿಲ್ಲ, 10ರ ಬೆಲೆ ನಮಗೆಲ್ಲಿ ಗೊತ್ತು?

ಆಮೇಲೆ ಕೋಷ್ಟಕ. ಸೈನ್ 30, 45, 60ಕ್ಕೆ ಕ್ರಮವಾಗಿ √1/2 (ಅಂದರೆ 1/2), √2/2, √3/2 ಅಂತ ಬರೆಯಿರಿ. ಕಾಸ್‌ಗೆ ಅದೇ ಸಾಲನ್ನು ಹಿಂದಿನಿಂದ ಬರೆಯಿರಿ. √2/2ರ ಬದಲು 1/√2 ಬರೆಯುವುದು ತಪ್ಪಲ್ಲ, ಆದರೆ ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಬಿಡುವುದಿಲ್ಲ. ಎಲ್ಲದರ ಛೇದವೂ 2 ಆಗಿದ್ದರೆ ಗುಣಿಸಿದಾಗ ಛೇದ ತಾನಾಗಿ 4 ಆಗುತ್ತದೆ, ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಈಗ ಸೂತ್ರ. ಸೈನ್ (45 − 30) ಅಂದರೆ ಸೈನ್ 45 − ಸೈನ್ 30 ಅಲ್ಲ. ಇದನ್ನು ಎಷ್ಟು ಸಲ ಕೆಂಪು ಪೆನ್ನಲ್ಲಿ ಹೊಡೆದಿದ್ದೇನೋ ಲೆಕ್ಕವಿಲ್ಲ. ಸೈನ್ ಒಂದು ಸಂಖ್ಯೆಯಲ್ಲ, ಬ್ರ್ಯಾಕೆಟ್ ಒಳಗೆ ಹಂಚುವುದಕ್ಕೆ. ನಂಬಿಕೆ ಬರದಿದ್ದರೆ ಸೈನ್ 105ನ್ನು ಹಾಗೆ ಮಾಡಿ ನೋಡಿ: 0.866 + 0.707, ಅಂದರೆ 1.573. ಸೈನ್ ಬೆಲೆ 1ನ್ನು ದಾಟುವುದುಂಟೇ?

ಸರಿಯಾದದ್ದು ಹೀಗೆ. ಸೈನ್‌ನಲ್ಲಿ ಅಡ್ಡ ಗುಣಾಕಾರ: ಒಂದರ ಸೈನ್, ಇನ್ನೊಂದರ ಕಾಸ್. ನಡುವೆ ಕೊಟ್ಟ ಚಿಹ್ನೆಯೇ ಉಳಿಯುತ್ತದೆ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯ 'ಜ್ಯೋತ್ಪತ್ತಿ' ಭಾಗದಲ್ಲಿ ಕೊಟ್ಟದ್ದೂ ಇದೇ ನಿಯಮ, ಒಂದರ ಜ್ಯಾವನ್ನು ಇನ್ನೊಂದರ ಕೋಟಿಜ್ಯಾದಿಂದ ಗುಣಿಸಬೇಕು ಅಂತ. ಜ್ಯಾ ಅಂದರೆ ನಮ್ಮ ಸೈನ್, ಕೋಟಿಜ್ಯಾ ಅಂದರೆ ಕಾಸ್. ಜ್ಯಾ ಅನ್ನುವ ಪದವೇ ಅರಬ್ಬರ ಕೈದಾಟಿ, ಲ್ಯಾಟಿನ್‌ಗೆ ಹೋಗಿ, ಸೈನ್ ಆಗಿ ಹಿಂತಿರುಗಿದೆ.

ಕಾಸ್‌ನಲ್ಲಿ ಕಾಸ್‌ಗೆ ಕಾಸ್, ಸೈನ್‌ಗೆ ಸೈನ್. ಚಿಹ್ನೆ ಉಲ್ಟಾ. ಯಾಕೆ ಉಲ್ಟಾ ಅಂತ ಒಮ್ಮೆ ಯೋಚಿಸಿದರೆ ಮರೆಯುವುದಿಲ್ಲ: 0ಯಿಂದ 90ರವರೆಗೆ ಕೋನ ಹೆಚ್ಚಿದಂತೆ ಕಾಸ್ ಕಡಿಮೆಯಾಗುತ್ತದೆ. ಕೋನಗಳನ್ನು ಕೂಡಿದರೆ ಬೆಲೆ ಇಳಿಯಬೇಕು, ಅದಕ್ಕೇ ಮೈನಸ್. ಪೇಟೆಯಲ್ಲಿ ಮಾರುವ ಲ್ಯಾಮಿನೇಟ್ ಮಾಡಿದ ಸೂತ್ರದ ಚಾರ್ಟ್ ನಂಬಬೇಡಿ. ನಾನು ಕೊಂಡು ತಂದ ಒಂದರಲ್ಲಿ ಇದೇ ಚಿಹ್ನೆ ತಪ್ಪಾಗಿ ಅಚ್ಚಾಗಿತ್ತು. ಅದರ ಬೆನ್ನಿನ ಮೇಲೆ ಈಗ ದಿನಸಿ ಪಟ್ಟಿ ಅಂಟಿಸಿದ್ದೇನೆ.

ಬೆಲೆ ಹಾಕೋಣ:

ಸೈನ್ 15° = (√2/2)(√3/2) − (√2/2)(1/2)
= √6/4 − √2/4
= (√6 − √2)/4

ಇಲ್ಲಿಗೆ ನಿಲ್ಲಿಸಿ! ಮುಂದೆ ಹೋಗುವ ಚಪಲ ಬೇಡ. √6 − √2 ಅಂದರೆ √4 ಅಂತ ಮಾಡುವವರಿದ್ದಾರೆ. ಆಗ ಉತ್ತರ 2/4, ಅಂದರೆ ಅರ್ಧ. ಅರ್ಧ ಸೈನ್ 30ರ ಬೆಲೆ ಅಲ್ವಾ? 15ಕ್ಕೂ 30ಕ್ಕೂ ಒಂದೇ ಬೆಲೆ ಹೇಗೆ ಬರುತ್ತದೆ?

ಕಾಸ್ 75ಕ್ಕೂ ಇದೇ ಉತ್ತರ, ಏಕೆಂದರೆ 15 + 75 = 90. ಬೇರೆ ಮಾಡಬೇಕಾಗಿಲ್ಲ.

ಮಕ್ಕಳು ಸಾಲಾಗಿ ಬೀಳುವ ಗುಂಡಿ ಅಂದರೆ ಟ್ಯಾನ್. ಟ್ಯಾನ್ 75° ತೆಗೆದುಕೊಳ್ಳಿ. ಟ್ಯಾನ್ 45 = 1, ಟ್ಯಾನ್ 30 = 1/√3. ಸೂತ್ರಕ್ಕೆ (ಮೇಲೆ ಎರಡರ ಮೊತ್ತ, ಕೆಳಗೆ 1ರಿಂದ ಎರಡರ ಗುಣಲಬ್ಧ ಕಳೆದದ್ದು) ಹಾಕಿದರೆ ಮೇಲೆ 1 + 1/√3, ಕೆಳಗೆ 1 − 1/√3. ಭಿನ್ನರಾಶಿಯೊಳಗೆ ಭಿನ್ನರಾಶಿ ಇಟ್ಟುಕೊಂಡು ಒದ್ದಾಡಬೇಡಿ. ಮೇಲೆ ಕೆಳಗೆ ಎರಡನ್ನೂ √3ರಿಂದ ಗುಣಿಸಿ: (√3 + 1)/(√3 − 1).

ಈಗ ಛೇದದ ಕರಣಿ, ಅಂದರೆ √3, ತೆಗೆಯಬೇಕು. ಛೇದದಲ್ಲಿ ಮೈನಸ್ ಇದೆ, ಆದ್ದರಿಂದ ಪ್ಲಸ್ ಇರುವ √3 + 1ರಿಂದ ಗುಣಿಸಬೇಕು. ಅದೇ √3 − 1ರಿಂದ ಗುಣಿಸಿದರೆ ಕರಣಿ ಹೋಗುವುದಿಲ್ಲ, ಇನ್ನೊಂದು ರೂಪದಲ್ಲಿ ಅಲ್ಲೇ ಕೂತಿರುತ್ತದೆ. ಕೆಳಗೆ 3 − 1 = 2. ಮೇಲೆ (√3 + 1)ರ ವರ್ಗ. ಇದು 3 + 1 ಅಲ್ಲ! ನಡುವಿನ 2√3 ಎಲ್ಲಿ ಹೋಯಿತು? 3 + 2√3 + 1, ಅಂದರೆ 4 + 2√3. ಕೊನೆಗೆ 2ರಿಂದ ಭಾಗಿಸುವಾಗ ಎರಡೂ ಪದಗಳನ್ನು ಭಾಗಿಸಿ. 4ನ್ನು ಮಾತ್ರ ಭಾಗಿಸಿ 2 + 2√3 ಬರೆಯುವುದು ಜಾಣ ಮಕ್ಕಳೂ ಮಾಡುವ ತಪ್ಪು. ಸರಿ ಉತ್ತರ 2 + √3.

ತಾಳೆ ನೋಡುವುದೂ ಸುಲಭ. √3 ಸುಮಾರು 1.732, ಉತ್ತರ 3.732. ಟ್ಯಾನ್ 60 ಬರೀ 1.732, 75ರದ್ದು ಅದಕ್ಕಿಂತ ಜಾಸ್ತಿ ಇದೆ, ಸರಿ. ಟ್ಯಾನ್ 15° ಅಂದರೆ 2 − √3. ಎರಡನ್ನೂ ಗುಣಿಸಿ, 1 ಬರಬೇಕು.

105ರಲ್ಲಿ ಇನ್ನೊಂದು ಭಯ. ಕಾಸ್ 105° = (√2 − √6)/4. ಇದು ಋಣ ಸಂಖ್ಯೆ. ಎಷ್ಟೋ ಮಕ್ಕಳು ಮೈನಸ್ ನೋಡಿ ಹೆದರಿ, ಸುಮ್ನೆ √6 − √2 ಅಂತ ತಿರುಗಿಸಿ ಬರೆದುಬಿಡುತ್ತಾರೆ. 105 ಎರಡನೇ ಚತುರ್ಥಕದಲ್ಲಿದೆ (90 ಮತ್ತು 180ರ ನಡುವೆ), ಅಲ್ಲಿ ಕಾಸ್ ಋಣವೇ ಇರಬೇಕು.

ಕೆಲವರು ಮೊಬೈಲ್‌ನಲ್ಲಿ ತಾಳೆ ನೋಡಲು ಹೋಗಿ ಸೈನ್ 15ಕ್ಕೆ 0.65 ಬಂತು ಅಂತ ಗಾಬರಿಯಾಗುತ್ತಾರೆ. ನಿಮ್ಮ ಲೆಕ್ಕ ಸರಿಯಿದೆ, ಫೋನ್ ರೇಡಿಯನ್‌ನಲ್ಲಿದೆ, ಅದು ಕೋನ ಅಳೆಯುವ ಇನ್ನೊಂದು ಮಾನ. ಡಿಗ್ರಿಗೆ ಬದಲಾಯಿಸಿ, 0.2588 ಬರುತ್ತದೆ.

ಹಾಂ, ಒಬ್ಬ ಹುಡುಗ ಒಂದು ಸಂಜೆ ಪೂರ್ತಿ ಸೈನ್ 20°ಕ್ಕೆ ಇದೇ ದಾರಿ ಹುಡುಕುತ್ತಾ ಕೂತಿದ್ದ. 30, 45, 60ನ್ನು ಹೇಗೆ ಕೂಡಿದರೂ ಕಳೆದರೂ 15ರ ಮಗ್ಗಿಯಲ್ಲಿರುವ ಕೋನವೇ ಬರುತ್ತದೆ, 20 ಬರುವುದಿಲ್ಲ. ಅದನ್ನು ಹೇಳಿದೆ. "ಮೊದಲೇ ಹೇಳಬಾರದಿತ್ತಾ ಮಿಸ್" ಅಂತ ಪುಸ್ತಕ ಮುಚ್ಚಿ ಎದ್ದುಹೋದ.