ಕಿಲೋ ಲೆಕ್ಕದಲ್ಲಿ ಕೊಂಡ ಪೆನ್ನಿಗಳು

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿನ ಸಂತೆ, ಹರಾಜುಗಳಲ್ಲಿ ಬ್ರಿಟನ್ನಿನ ಹಳೆಯ ಕಂಚಿನ ಕಾಸುಗಳಾದ ಪೆನ್ನಿಗಳನ್ನು ತೂಕಕ್ಕೆ ಹಾಕಿ ಮಾರುವುದುಂಟು. ನಾಣ್ಯ ಸಂಗ್ರಹ ಶುರುಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುತ್ತೇನೆ. 1860ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಬಂದಾಗ ತೂಕವನ್ನು ಚೊಕ್ಕವಾಗಿ ಗೊತ್ತುಮಾಡಿದ್ದರು. ಮೂರು ಪೆನ್ನಿ, ಇಲ್ಲವೇ ಐದು ಹಾಫ್‌ಪೆನ್ನಿ (ಅರ್ಧ ಪೆನ್ನಿ), ಇಲ್ಲವೇ ಹತ್ತು ಫಾರ್ದಿಂಗ್ (ಕಾಲು ಪೆನ್ನಿ) ಸೇರಿದರೆ ಒಂದು ಔನ್ಸ್, ಅಂದರೆ 28.35 ಗ್ರಾಂ. ಆ ಲೆಕ್ಕದಲ್ಲಿ ಕಿಲೋಗೆ ಸುಮಾರು 106 ಪೆನ್ನಿ. ಸವೆದಿದ್ದರೆ ಒಂದೆರಡು ಹೆಚ್ಚೇ.

ಒಂದು ಪೌಂಡ್ ಹಣಕ್ಕೆ 240 ಪೆನ್ನಿ ಎಂಬ ಹಳೆಯ ಲೆಕ್ಕ 1971ರ ಫೆಬ್ರುವರಿ 15ಕ್ಕೆ ಮುಗಿದು, ನೂರು ಹೊಸ ಪೆನ್ನಿಯ ಲೆಕ್ಕ ಬಂತು. ಆದರೂ ಮನೆಮನೆಯ ಡಬ್ಬಿಗಳಲ್ಲಿ ಪೆನ್ನಿಗಳು ಉಳಿದವು. ಅದಕ್ಕೇ ಇವತ್ತಿಗೂ ಚೀಲಗಟ್ಟಲೆ ಸಿಗುತ್ತವೆ, ಅದಕ್ಕೇ ಸವೆದ ಪೆನ್ನಿಗೆ ಹೇಳಿಕೊಳ್ಳುವ ಬೆಲೆ ಇಲ್ಲ. ನೂರು ವರ್ಷ ಹಳೆಯದು ಅಂದ ಮಾತ್ರಕ್ಕೆ ಏನೂ ಆಗುವುದಿಲ್ಲ. ಇಸವಿ ಯಾವುದು, ಎಲ್ಲಿ ಅಚ್ಚಾಯಿತು, ಎಷ್ಟು ಸವೆದಿದೆ ಅನ್ನುವುದೇ ಬೆಲೆ ಕಟ್ಟುತ್ತದೆ.

ಚೀಲ ಸುರಿದ ಮೇಲೆ ಮೊದಲು ಮುಖ ನೋಡಿ ವಿಂಗಡಿಸುತ್ತೇನೆ: ತುರುಬು ಕಟ್ಟಿದ ವಿಕ್ಟೋರಿಯಾ, ಮುಸುಕು ಹೊದ್ದ ವಿಕ್ಟೋರಿಯಾ (1895ರಿಂದ), ಏಳನೇ ಎಡ್ವರ್ಡ್, ಇಬ್ಬರು ಜಾರ್ಜ್‌ಗಳು, ಎಲಿಜಬೆತ್. 1902ರದ್ದು ಸಿಕ್ಕರೆ ಹಿಂಬದಿಯಲ್ಲಿ ಕುಳಿತ ಬ್ರಿಟಾನಿಯಾಳ (ಬ್ರಿಟನ್ನಿನ ಸಂಕೇತವಾದ ಹೆಣ್ಣಿನ ಚಿತ್ರ) ಹಿಂದಿನ ಸಮುದ್ರದ ಗೆರೆ ನೋಡಬೇಕು. ಗೆರೆ ತಗ್ಗಿನಲ್ಲಿದ್ದರೆ ಅದನ್ನು ಬೇರೆ ಇಡಬೇಕು, ಅದು ಅಪರೂಪದ ಅಚ್ಚು. ನನಗೆ ಹೆಚ್ಚು ಆಸೆ ಇರುವುದು 1918 ಮತ್ತು 1919ರ ಮೇಲೆ. ಆಗ ಲಂಡನ್ನಿನ ಟಂಕಸಾಲೆ ಸ್ವಲ್ಪ ಪೆನ್ನಿಗಳನ್ನು ಇದೇ ಊರಿನ ಎರಡು ಕಾರ್ಖಾನೆಗಳಿಗೆ ವಹಿಸಿತ್ತು. ಹೀಟನ್ ಕಾರ್ಖಾನೆಯದಾದರೆ ಇಸವಿಯ ಎಡಕ್ಕೆ ಪುಟ್ಟ 'ಎಚ್', ಕಿಂಗ್ಸ್ ನಾರ್ಟನ್‌ನದಾದರೆ 'ಕೆ ಎನ್'. ಬರಿಗಣ್ಣಿಗೆ ಅದು ಕೊಳೆಯ ಚುಕ್ಕೆಯಂತೆ ಕಾಣುತ್ತದೆ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ವಾಲಿಸಿ, ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ನಾಣ್ಯವನ್ನು ಬೆರಳಲ್ಲಿ ನಿಧಾನ ತಿರುಗಿಸಿದರೆ ಅಕ್ಷರದ ನೆರಳು ಏಳುತ್ತದೆ. ಸವೆಯದ ಕೆ ಎನ್ ಸಿಗುವುದು ಬಹಳ ಕಷ್ಟ, ಸಿಕ್ಕರೆ ಬೆಲೆಯೂ ಹಾಗೆಯೇ.

1933ರದ್ದನ್ನು ಚೀಲದಲ್ಲಿ ಹುಡುಕಬೇಡಿ. ಆ ವರ್ಷ ಚಲಾವಣೆಯಲ್ಲಿ ಪೆನ್ನಿ ಸಾಕಷ್ಟಿದ್ದುದರಿಂದ ಕಟ್ಟಡಗಳ ಅಡಿಗಲ್ಲಿನಡಿ ಇಡಲು, ವಸ್ತುಸಂಗ್ರಹಾಲಯಕ್ಕೆ ಕೊಡಲು ಬೆರಳೆಣಿಕೆಯಷ್ಟು ಮಾತ್ರ ಅಚ್ಚು ಹಾಕಿದರು. 1970ರಲ್ಲಿ ಲೀಡ್ಸ್ ಬಳಿಯ ಚರ್ಚೊಂದರ ಅಡಿಗಲ್ಲಿನಿಂದ ಒಂದನ್ನು ಕದ್ದೇಬಿಟ್ಟರು! ಕೈಗೆ ಸಿಗುವ '1933' ಸಾಮಾನ್ಯವಾಗಿ ಅಂಕಿ ತಿದ್ದಿದ್ದು ಅಥವಾ ನಕಲು.

ಊರಿನಿಂದ ಆಗಾಗ ಫೋಟೊ ಬರುತ್ತವೆ: "ಅಣ್ಣಾ, ಅಜ್ಜನ ಪೆಟ್ಟಿಗೇಲಿ ಬ್ರಿಟಿಷರ ಕಾಸು ಸಿಕ್ತು, ಎಷ್ಟು ಬರುತ್ತೆ?" ನೋಡಿದರೆ ಬಹುಪಾಲು ನಮ್ಮ ಕಾಲಾಣೆಯೇ. ಗುರುತು ಸುಲಭ. ಐದನೇ ಜಾರ್ಜ್ ಕಿರೀಟ ತೊಟ್ಟಿದ್ದರೆ ಭಾರತದ್ದು. ಬರಿದಲೆ, ಹಿಂಬದಿಗೆ ಕುಳಿತ ಬ್ರಿಟಾನಿಯಾ ಇದ್ದರೆ ಪೆನ್ನಿ.

ಎರಡರಲ್ಲಿ ಯಾವುದಾದರೂ ಸರಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಫಳಫಳ ಹೊಳೆಯುತ್ತದೆ, ಆದರೆ ಕಂಚಿನ ಮೇಲ್ಮೈ ಕಿತ್ತುಹೋಗಿ ಬೆಲೆ ಬಿದ್ದೇಹೋಗುತ್ತದೆ. ಬಲ್ಲವರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ. ಹಸಿರು ಕಿಲುಬು ಇದ್ದದ್ದನ್ನು ನಾನು ಬೇರೆ ಡಬ್ಬಿಗೆ ಹಾಕುತ್ತೇನೆ. ಉಳಿದವನ್ನು ಅಂಚು ಹಿಡಿದೇ ಎತ್ತಿ, ಪಿವಿಸಿ ಪ್ಲಾಸ್ಟಿಕ್ ಇಲ್ಲದ ನಾಣ್ಯದ ಹೋಲ್ಡರಿಗೆ ಸೇರಿಸಿ, ಮೇಲೆ ಇಸವಿ ಮತ್ತು ಅಕ್ಷರ ಬರೆದಿಡುತ್ತೇನೆ.