ಒಂದು ಭಾನುವಾರಕ್ಕೆ ಒಂದೇ ಜಾಗ: ಪುಟ್ಟ ಮಗುವಿನೊಂದಿಗೆ ಹೊರಡುವ ಬಗೆ

ನಮ್ಮ ಮಗಳಿಗೆ ಒಂದೂವರೆ ವರ್ಷ ತುಂಬಿದ ಏಪ್ರಿಲ್ ತಿಂಗಳಲ್ಲಿ, ಬೆಳಿಗ್ಗೆ ಪಿಲಿಕುಳದ ಮೃಗಾಲಯ, ಮಧ್ಯಾಹ್ನ ನಗರದಲ್ಲಿ ಊಟ, ಸಂಜೆ ಪಣಂಬೂರು ಕಡಲತೀರ ಎಂದು ಒಂದೇ ದಿನಕ್ಕೆ ಮೂರು ಕಡೆಯ ಲೆಕ್ಕ ಹಾಕಿಕೊಂಡು ಮಂಗಳೂರಿನ ನಮ್ಮ ಮನೆಯಿಂದ ಹೊರಟಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಹುಲಿಯ ಆವರಣದ ಮುಂದೆ ನಿಂತಾಗ ಮಗು ಹುಲಿಯ ಕಡೆಗೆ ತಿರುಗಿಯೂ ನೋಡದೆ ಹೆಗಲಿಗೆ ಮುಖ ಒತ್ತಿ ಅಳತೊಡಗಿತು. ಊಟದ ಹೊತ್ತಿಗೆ ಕುತ್ತಿಗೆ, ಬೆನ್ನಿನ ಮೇಲೆಲ್ಲ ಬೆವರುಸಾಲೆ ಎದ್ದಿತ್ತು. ಪಣಂಬೂರಿನ ಯೋಚನೆ ಬಿಟ್ಟು ಮನೆಗೆ ಮರಳಿದೆವು. ಅಂದಿನಿಂದ ನಾವು ಒಂದು ರಜೆಯ ದಿನಕ್ಕೆ ಒಂದೇ ಜಾಗ ಎಂಬ ನಿಯಮವನ್ನು ಇಟ್ಟುಕೊಂಡಿದ್ದೇವೆ. ಆ ನಿಯಮದ ಸುತ್ತ ಉಳಿದ ಸಿದ್ಧತೆಗಳನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

ಮೊದಲು ನಿದ್ದೆಯ ಲೆಕ್ಕ

ಜಾಗವನ್ನು ಆರಿಸುವುದಕ್ಕೂ ಮುಂಚೆ ಒಂದು ವಾರ ಮಗು ಹಗಲಿನಲ್ಲಿ ಯಾವಾಗ ಮಲಗುತ್ತದೆ, ಎಷ್ಟು ಹೊತ್ತು ಮಲಗುತ್ತದೆ ಎಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ. ಒಂದೂವರೆ ವರ್ಷ ದಾಟಿದ ಹೆಚ್ಚಿನ ಮಕ್ಕಳು ಮಧ್ಯಾಹ್ನ ಒಮ್ಮೆ ಮಾತ್ರ ಮಲಗುತ್ತಾರೆ. ಆ ನಿದ್ದೆ ಮನೆಯ ತೊಟ್ಟಿಲಲ್ಲೋ ಹಾಸಿಗೆಯಲ್ಲೋ ಆಗುವಂತೆ ನೋಡಿಕೊಂಡರೆ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ. ಹಾಗಾಗಿ ಹೊರಡುವ ಹೊತ್ತು ಎರಡೇ ಉಳಿಯುತ್ತವೆ: ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ನಮ್ಮ ಕರಾವಳಿಯ ಸೆಕೆಗೂ ಇದೇ ಹೊಂದುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಚಿಕ್ಕ ಮಕ್ಕಳ ಮೈಯಂತೂ ದೊಡ್ಡವರಿಗಿಂತ ಬೇಗ ಕಾಯುತ್ತದೆ.

ಜಾಗದ ಆಯ್ಕೆ

ಮೊದಲ ಎರಡು ಮೂರು ಬಾರಿ ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವ ಜಾಗವನ್ನೇ ಆರಿಸಿ. ಮಂಗಳೂರಿನವರಿಗೆ ಕದ್ರಿ ಉದ್ಯಾನ, ಮಣಿಪಾಲದವರಿಗೆ ಮಣ್ಣಪಳ್ಳದ ಕೆರೆದಂಡೆ ಸಾಕು. ಕಾಪು ದೀಪಸ್ತಂಭ (1901ರಲ್ಲಿ ಕಟ್ಟಿದ್ದು) ದೂರದಿಂದ ನೋಡುವುದಕ್ಕೇ ಚೆಂದ. ಮಗುವನ್ನು ಎತ್ತಿಕೊಂಡು ಅದರ ಮೆಟ್ಟಿಲು ಹತ್ತುವುದಕ್ಕಾಗಲಿ, ಅದರ ಬುಡದ ಜಾರುವ ಬಂಡೆಗಳ ಮೇಲೆ ನಡೆಯುವುದಕ್ಕಾಗಲಿ ನಾನು ಸಲಹೆ ಮಾಡುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲತೀರದ ಹೆಸರನ್ನೇ ಎತ್ತಬೇಡಿ. ಆ ದಿನಗಳಿಗೆ ಮಳೆ ಬಿಟ್ಟ ಹೊತ್ತು ನೋಡಿಕೊಂಡು ಪಿಲಿಕುಳಕ್ಕೆ ಹೋಗಬಹುದು. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಎಂದು ಹೇಳಿದರೆ ಮೂರು ವರ್ಷದ ಮಗುವಿಗೂ ದಾರಿಯುದ್ದಕ್ಕೂ ಕೇಳಲು ಪ್ರಶ್ನೆಗಳು ಸಿಗುತ್ತವೆ. ಅಲ್ಲಿ ಮೃಗಾಲಯ, ಗುತ್ತಿನ ಮನೆ (ತುಳುನಾಡಿನ ಹಳೆಯ ಜಮೀನ್ದಾರಿ ಮನೆಯ ಮಾದರಿ), ಕುಂಬಾರರ ಚಕ್ರ ಇವೆಲ್ಲವನ್ನೂ ಒಂದೇ ದಿನ ತೋರಿಸುವ ಹಂಬಲ ಬೇಡ. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವನ್ನು ಮಗುವಿಗೆ ನಾಲ್ಕು ವರ್ಷವಾಗುವವರೆಗೆ ಮುಂದೂಡುವುದು ಒಳ್ಳೆಯದು. ಕತ್ತಲು ಮತ್ತು ದೊಡ್ಡ ಸದ್ದು ಎರಡೂ ಒಟ್ಟಿಗೆ ಬಂದಾಗ ಸಣ್ಣ ಮಕ್ಕಳು ಹೆದರುತ್ತಾರೆ.

ಹೋಗುವ ವಾಹನ

ಸ್ಕೂಟರಿನಲ್ಲಿ ಹೋಗುವವರು ಒಂದು ನಿಯಮವನ್ನು ತಿಳಿದಿರಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅಳತೆಯ ಹೆಲ್ಮೆಟ್ ಹಾಕಿ, ಮಗುವನ್ನು ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿಯಿಂದ ಕಟ್ಟಿಕೊಳ್ಳಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬುದು 2023ರ ಫೆಬ್ರುವರಿಯಿಂದ ದೇಶದಾದ್ಯಂತ ಜಾರಿಯಲ್ಲಿದೆ. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವವರನ್ನು ಕಂಡಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಕಾರಿದ್ದವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳದೆ ಹಿಂದಿನ ಸೀಟಿನಲ್ಲಿ ಮಕ್ಕಳ ಕುರ್ಚಿಗೆ ಬೆಲ್ಟ್ ಹಾಕಿಯೇ ಕೂರಿಸಬೇಕು, ಮತ್ತು ಐದು ನಿಮಿಷದ ಕೆಲಸಕ್ಕೂ ಮಗುವನ್ನು ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗಬಾರದು.

ಮಂಗಳೂರಿನಿಂದ ಉಡುಪಿಗೆ ಹೋಗುವುದಾದರೆ ನನ್ನ ಮತ ರೈಲಿಗೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಡವಾದರೆ ಟಿಕೆಟ್ ಇಲ್ಲ, ಬೇಕೆಂದಾಗ ಎದ್ದು ನಡೆಯಬಹುದು, ಶೌಚಾಲಯವಿದೆ, ಕಿಟಕಿಯಲ್ಲಿ ನಂದಿನಿ ಮತ್ತು ಶಾಂಭವಿ ನದಿಗಳು ಬಂದುಹೋಗುತ್ತವೆ. ಇಂದ್ರಾಳಿಯ ನಿಲ್ದಾಣದಲ್ಲಿ ಇಳಿದು ರಿಕ್ಷಾದಲ್ಲಿ ಕೃಷ್ಣಮಠದ ರಥಬೀದಿಗೆ ಹೋಗಿ, ಕನಕನ ಕಿಂಡಿಯ ಬಳಿ ಮಗುವನ್ನು ಎತ್ತಿ ತೋರಿಸಿ, ಗೋಶಾಲೆಯ ಕರುಗಳ ಹತ್ತಿರ ಅರ್ಧ ಗಂಟೆ ಕಳೆದು ಮರಳಿದರೆ ಆ ದಿನಕ್ಕೆ ಅಷ್ಟು ಸಾಕು. ಭಾನುವಾರ ಒಳಗಿನ ಸರದಿ ಉದ್ದವಾಗಿದ್ದರೆ ಕಿಂಡಿಯ ದರ್ಶನಕ್ಕೇ ತೃಪ್ತರಾಗಿ.

ಚೀಲ ಮತ್ತು ಊಟ

ಚೀಲವನ್ನು ಹಿಂದಿನ ರಾತ್ರಿಯೇ ತುಂಬಿ ಬಾಗಿಲ ಬಳಿ ಇಡಿ. ಎರಡು ಜೊತೆ ಹತ್ತಿಯ ಬಟ್ಟೆ, ಅಗಲ ಅಂಚಿನ ಟೊಪ್ಪಿ, ತೆಳು ಬೈರಾಸು (ಟವೆಲ್), ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ, ಓಆರ್‌ಎಸ್ (ವಾಂತಿ, ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ) ಪೊಟ್ಟಣ, ಕಾದಾರಿಸಿದ ನೀರು. ಓಆರ್‌ಎಸ್ ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕೇ ಹೊರತು ಕಣ್ಣಂದಾಜಿನಲ್ಲಿ ಅರ್ಧ ಪುಡಿ, ಅರ್ಧ ಲೋಟ ಎಂದು ಮಾಡಬಾರದು. ನಗರದಲ್ಲಿ ಮಲೇರಿಯಾ, ಡೆಂಗಿಯ ಭಯವಿರುವುದರಿಂದ ಸಂಜೆಗೆ ಕೈಕಾಲು ಮುಚ್ಚುವ ಬಟ್ಟೆಯೂ ಬೇಕು.

ಮಗುವಿನ ಊಟ ಮನೆಯದೇ ಇರಲಿ. ಆರು ತಿಂಗಳು ತುಂಬಿದ, ವರ್ಷದೊಳಗಿನ ಮಗುವಿಗೆ ರಾಗಿ ಮಣ್ಣಿ, ಆ ಮೇಲಿನವರಿಗೆ ಕುಚ್ಚಲಕ್ಕಿ ಗಂಜಿಯನ್ನು ಸ್ವಲ್ಪ ಗಟ್ಟಿಯಾಗಿ ಮಾಡಿ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ತುಂಬಿದರೆ ಮೂರು ಗಂಟೆ ಬಿಸಿಯಾಗಿಯೇ ಇರುತ್ತದೆ. ದಾರಿಯಲ್ಲಿ ಕೊಳ್ಳುವುದಾದರೆ ಕಣ್ಣೆದುರೇ ಕೆತ್ತಿಸಿದ ಬೊಂಡ (ಎಳನೀರು), ಬಾಳೆಹಣ್ಣು, ಬಿಸಿ ಇಡ್ಲಿ. ಕಡಲತೀರದ ಚರುಮುರಿಯನ್ನು ನೀವು ತಿನ್ನಿ, ಮಗುವಿನ ಕೈಗೆ ಮಾತ್ರ ಕೊಡಬೇಡಿ: ಅದರಲ್ಲಿರುವ ನೆಲಗಡಲೆ ಪುಟ್ಟ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ನೀರಿನ ಹತ್ತಿರ

ನಮ್ಮ ಮನೆಯವರಿಗೆಲ್ಲ ಅತಿ ಇಷ್ಟವಾದ ತಿರುಗಾಟವೆಂದರೆ ಸುಲ್ತಾನ್ ಬತ್ತೇರಿಯ ಕಡವಿನಿಂದ ದೋಣಿಯಲ್ಲಿ ಫಲ್ಗುಣಿ ನದಿಯನ್ನು ದಾಟಿ ತಣ್ಣೀರುಬಾವಿಗೆ ಹೋಗುವುದು. ಟಿಪ್ಪುವಿನ ಕಾಲದ ಕಾವಲು ಬುರುಜನ್ನು ಐದು ನಿಮಿಷ ನೋಡಿ ಕಡವಿಗಿಳಿದರೆ, ದೋಣಿ ದಡ ಸೇರುವುದರೊಳಗೆ ಮಗು ಕೊಕ್ಕರೆ, ಬಲೆ, ಹಗ್ಗ, ಡೀಸೆಲ್ ಎಂಜಿನ್ ಎಲ್ಲವನ್ನೂ ಕಂಡಿರುತ್ತದೆ. ಮೊದಲ ಸಲ ಹತ್ತುವಾಗ ದೋಣಿಯವರು "ಬಾಲೆನ್ ಗಟ್ಟಿ ಪತ್ತೊನ್ಲೆ ಅಕ್ಕ" ಎಂದರು. ಮಗುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂಬ ಆ ಮಾತನ್ನು ಈಗ ಮಗಳೇ ನನಗೆ ಹೇಳುತ್ತಾಳೆ.

ಆಚೆ ದಡದ ಗಾಳಿಮರಗಳ ನೆರಳು ದಾಟಿ ಮರಳಿಗೆ ಬಂದರೆ ಅಲೆಯ ಕಡೆಗೆ ಓಡಬೇಕಾಗಿಲ್ಲ. ನೀರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ಕುಳಿತುಕೊಳ್ಳಿ, ಸದ್ದು ಮಾಡಬೇಡಿ. ಸ್ವಲ್ಪ ಹೊತ್ತಿನಲ್ಲಿ ಬಿಲದ ಬಾಯಲ್ಲಿ ಎರಡು ಕಣ್ಣುಗಳು ಕಡ್ಡಿಯಂತೆ ನಿಲ್ಲುತ್ತವೆ. ಮರಳಿನ ಬಣ್ಣದ ಡೆಂಜಿಯೊಂದು (ಏಡಿ) ತೋಡಿದ ಹಸಿ ಮರಳನ್ನು ಕಾಲುಗಳ ನಡುವೆ ಅವುಚಿಕೊಂಡು ಅಡ್ಡಡ್ಡ ನಡೆದು ಬಂದು, ಅದನ್ನು ಎಸೆದು, ಒಂದು ಕ್ಷಣ ನಿಂತು, ಮತ್ತೆ ಒಳಗೆ ಹೋಗುತ್ತದೆ. ನನ್ನ ಮಗಳು ಇದನ್ನು ಉಸಿರು ಹಿಡಿದು ಮುಕ್ಕಾಲು ಗಂಟೆ ನೋಡಿದ್ದಾಳೆ.

ಅಲೆಗೆ ಕಾಲೊಡ್ಡುವಾಗ ಮಾತ್ರ ಕಟ್ಟುನಿಟ್ಟು ಬೇಕು. ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಜೀವರಕ್ಷಕರು ಇರುವ ಕಡೆಯಲ್ಲೂ ಮಗುವಿಗೂ ನಿಮಗೂ ಒಂದು ತೋಳಿನ ಅಂತರ ಮೀರದಿರಲಿ. ಕಾಲ ಕೆಳಗಿನ ಮರಳನ್ನು ಹಿಂದೆ ಸರಿಯುವ ನೀರು ಎಳೆದೊಯ್ಯುವುದರಿಂದ ಮೊಣಕಾಲು ಮಟ್ಟದ ನೀರಿನಲ್ಲೂ ಮಗು ಬೀಳುತ್ತದೆ; ಮುಳುಗುವ ಮಗು ಕೂಗುವುದೂ ಇಲ್ಲ. ತಂದೆ, ತಾಯಿ, ಅಜ್ಜಿ ಎಲ್ಲರೂ ಇದ್ದಾಗಲೇ ಯಾರೂ ನೋಡದಿರುವುದು ಸಂಭವಿಸುವುದರಿಂದ ನಾವು "ಈಗ ನನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ, ಪಾಳಿಯಲ್ಲಿರುವವರು ಮೊಬೈಲ್ ಹಿಡಿಯುವುದಿಲ್ಲ.

ಸೇಂಟ್ ಮೇರೀಸ್ ದ್ವೀಪ

ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಈ ದ್ವೀಪಕ್ಕೆ ಕೈಕೂಸನ್ನು ಕರೆದೊಯ್ಯುವ ಆತುರ ಬೇಡ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆದ ಕಂಬಗಳನ್ನು ಬೆರಳಿಟ್ಟು ಎಣಿಸುವ ವಯಸ್ಸು ಬಂದ ಮೇಲೆ, ಅಂದರೆ ನಾಲ್ಕೈದು ವರ್ಷಕ್ಕೆ, ಹೋದರೆ ಮಗುವಿಗೂ ಸಂತೋಷ. ಮಳೆಗಾಲದಲ್ಲಿ ದೋಣಿಗಳಿರುವುದಿಲ್ಲ; ಡಿಸೆಂಬರ್, ಜನವರಿಯ ಬೆಳಿಗ್ಗೆ ಹಿತ. ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನವೇ ಕೇಳಿ, ಇಲ್ಲವೆಂದರೆ ಮಲ್ಪೆಯ ಮರಳಿನಲ್ಲೇ ಆಡಿಸಿ ಮರಳಿ. ಚಿಪ್ಪಿನ ಅಂಚುಗಳು ಚುಚ್ಚುವುದರಿಂದ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು.

ಮನೆಗೆ ಬಂದ ಮೇಲೆ

ಮಗು ಕಣ್ಣುಜ್ಜತೊಡಗಿದ ಕೂಡಲೇ ಹೊರಡಿ. ಸೂರ್ಯಾಸ್ತಕ್ಕೆ ಇನ್ನು ಹತ್ತೇ ನಿಮಿಷ ಎಂದು ಕಾಯಬೇಡಿ. ಮನೆಯಲ್ಲಿ ಉಗುರು ಬೆಚ್ಚಗಿನ ನೀರಿನಿಂದ ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದುಗಳಲ್ಲಿ ಕುಳಿತ ಮರಳನ್ನು ಉಜ್ಜದೆ ನೀರು ಹೊಯ್ದು ತೊಳೆದು, ಮೆತ್ತಗೆ ಒರೆಸಿ ಒಣಗಿಸಿ. ಮಗು ಮಲಗಿದ ಮೇಲೆ ಚೀಲವನ್ನು ಬರಿದು ಮಾಡಿ, ಒಗೆದ ಬಟ್ಟೆಯೊಂದಿಗೆ ಹೊಸ ಓಆರ್‌ಎಸ್ ಪೊಟ್ಟಣವನ್ನೂ ಹಾಕಿಟ್ಟು, ಆ ದಿನ ಮಗು ಎಷ್ಟು ಗಂಟೆಗೆ ದಣಿಯಿತು ಎಂಬುದನ್ನು ಅದೇ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ; ಮುಂದಿನ ಭಾನುವಾರ ಅದಕ್ಕಿಂತ ಅರ್ಧ ಗಂಟೆ ಮೊದಲೇ ಹಿಂದಿರುಗುವಂತೆ ಹೊರಡಬಹುದು.